ಇಪ್ಪತ್ತಕ್ಕೆ ಹದಿನಾಲ್ಕು

ಬಸ್ಸಿಳಿದಾಗ ಮೈನಸ್ ಮೂವತ್ತೊಂದು.
ಮೂಗಿನೊಳಗಿನ ಕೂದಲೂ ಸೆಟೆದು ನಿಂತಿತ್ತು.
ವಿನ್ನಿಪೆಗ್ಗಿನ ಮಂದಿ ನದಿಯ ಮೇಲೆ ನಡೆದೇ
ಕೆಲಸಕ್ಕೆ ಹೋಗುವ ತಿಂಗಳಿದು.
ನಾನು ಹುಟ್ಟಿದ ಕಾನ್‌ಸ್ಟಂಟೀನಿನಲ್ಲಿ
ಕೊರಕಲಿನ ಈ ದಡದಿಂದ ಆ ದಡಕ್ಕೆ
ಸೇತುವೆಯಿಲ್ಲದೆ ಮದುವೆ ಮಾತೂ ದಾಟುವುದಿಲ್ಲ.

ಬಾಗಿಲಲ್ಲೇ ಬೂಟು ಬಿಡಬೇಕು.
ನಲವತ್ತು ಜೊತೆ. ಎಲ್ಲ ಕಪ್ಪು. ಎಲ್ಲದರ ಸುತ್ತ ಕರಗಿದ ಹಿಮದ ಕೊಳೆನೀರು.
ಪ್ಲಾಸ್ಟಿಕ್ ಚೀಲದಿಂದ ಅತ್ತಿಗೆಯ ಷೂ ತೆಗೆದು ಹಾಕಿಕೊಂಡೆ:
ಒಂದು ಸೈಜು ದೊಡ್ಡದು,
ಹೆಜ್ಜೆಗೊಮ್ಮೆ ಹಿಮ್ಮಡಿಗೆ ಚಪ್ಪಾಳೆ.
ಕೊರಳಿಗೆ ಚೀಟಿ: ಜುಲೀಖಾ ಬಿ., ಇಪ್ಪತ್ತೇಳು.
ಪಕ್ಕದವಳು ಚೂಯಿಂಗ್ ಗಮ್ ಚಾಚಿ,
‘ನಂದು ಮೂರನೇ ಸಲ’ ಅಂದಳು.
ನನ್ನದನ್ನು ಎಲ್ಲಿಂದ ಎಣಿಸಲಿ?

ಹತ್ತು ಬಾಗಿಲು. ಗಂಟೆಯಾದರೆ ಒಳಗೆ, ಗಂಟೆಯಾದರೆ ಹೊರಗೆ.
ಬಾಗಿಲಿಗಂಟಿಸಿದ ಪ್ರಶ್ನೆ ಓದಲು ಎರಡು ನಿಮಿಷ.
ನಾನದನ್ನು ಮೊದಲು ಫ್ರೆಂಚಿಗೆ ತಂದು,
ಅಲ್ಲಿಂದ ಅಮ್ಮನ ಅಡುಗೆಮನೆಗೆ ತಂದು,
ಉತ್ತರ ಹೊತ್ತು ವಾಪಸು ಬರುವಷ್ಟರಲ್ಲಿ
ಗಂಟೆ.

ಆರನೆಯ ಕೋಣೆಯಲ್ಲಿ ನನ್ನ ಕಡತ ಬಿಚ್ಚಿಟ್ಟಿದ್ದರು.
‘ಇಪ್ಪತ್ತಕ್ಕೆ ಹದಿನಾಲ್ಕು. ಅಂದರೆ ನೂರಕ್ಕೆ ಎಪ್ಪತ್ತು, ಅಲ್ಲವೆ?’
ಕೇಳಿದವರ ದನಿಯಲ್ಲಿ ಕೆಡುಕಿರಲಿಲ್ಲ,
ಕೈಯಲ್ಲೊಂದು ಕ್ಯಾಲ್ಕುಲೇಟರ್ ಇತ್ತು, ಅಷ್ಟೆ.
ಹೇಗೆ ಹೇಳಲಿ,
ನಮ್ಮಲ್ಲಿ ಇಪ್ಪತ್ತು ದೇವರದು,
ಹತ್ತೊಂಬತ್ತು ಪಾಠ ಹೇಳುವವರದು,
ಹದಿನೆಂಟನ್ನು ಕಣ್ಣಾರೆ ಕಂಡವರಿಲ್ಲ;
ಹದಿನಾಲ್ಕು ಬಂದ ದಿನ ನನ್ನಪ್ಪ
ಗ್ಯಾರೇಜಿನ ಬೀದಿಗೆಲ್ಲ ಜೇನು ಸುರಿದ ಬಾದಾಮಿ ಮಿಠಾಯಿ ಹಂಚಿ
ಅದೇ ಕೈಯಲ್ಲಿ ಅಂಕಪಟ್ಟಿ ಹಿಡಿದು ಓದಿದ, ಎರಡೆರಡು ಸಲ.
ಮೂಲೆಗೆ ಹತ್ತಿದ ಗ್ರೀಸು, ನೋಡಿ,
ನಿಮ್ಮ ಝೆರಾಕ್ಸಿನಲ್ಲೂ ಬಂದಿದೆ.
ಯಾವುದನ್ನೂ ಹೇಳಲಿಲ್ಲ.
‘ಹೌದು ಸರ್, ಎಪ್ಪತ್ತು.’

‘ನಡುವೆ ಮೂರು ವರ್ಷ ಖಾಲಿ ಇದೆಯಲ್ಲ?’
ಖಾಲಿ! ಸೇಂಟ್ ಬೋನಿಫೇಸಿನ ವೃದ್ಧಾಶ್ರಮದಲ್ಲಿ ರಾತ್ರಿಪಾಳಿ.
ಹನ್ನೊಂದು ಮಂದಿಯ ಉಗುರು, ಮಾತ್ರೆ, ಮಗ್ಗುಲು.
ಅದರಲ್ಲಿ ಗೋತ್ರೋಂ ಎಂಬ ಮುದುಕನಿಗೆ
ಮಂಚವೇ ರೈಲು. ಮೂರು ಗಂಟೆಗೆದ್ದು
‘ಯಾವ ಸ್ಟೇಷನ್ ಮಗಳೇ?’ ಅನ್ನುತ್ತಾನೆ.
‘ಇನ್ನೂ ಎರಡು ಇವೆ, ಮಲಗಿ’ ಅನ್ನುತ್ತೇನೆ.
ದಿನಾ ಎರಡು. ಒಂದಕ್ಕಿಳಿಸುವ ಧೈರ್ಯ ನನಗಿಲ್ಲ.
ಹೇಳಿದ್ದು ಇಷ್ಟೇ: ‘ರೋಗಿಗಳ ಆರೈಕೆಯ ಅನುಭವ.’
ಬರೆದುಕೊಂಡರು. ಒಂದೇ ಸಾಲು.

ಎಂಟನೆಯದರಲ್ಲಿ ಅಳುವವನೊಬ್ಬ. ನಟ.
ಹೆಂಡತಿ ಸತ್ತ ಸುದ್ದಿ ಕೇಳಿಸಿಕೊಳ್ಳುವುದು ಅವನ ಕೆಲಸ,
ಹೇಳುವುದು ನನ್ನದು.
ಬೆಳಗಿನಿಂದ ಎಷ್ಟು ಸಲ ಅವಳನ್ನು ಸಾಯಿಸಿಕೊಂಡಿದ್ದನೋ,
ಕಣ್ಣು ನಿಜವಾಗಿಯೇ ಕೆಂಡ, ಗಂಟಲು ಹರಿದ ತಮಟೆ.
ಸುದ್ದಿ ಹೇಳಿದೆ. ಸುಮ್ಮನೆ ಕೂತೆ.
ಆಮೇಲೆ ಬಾಯಿತಪ್ಪಿ ಕೇಳಿಬಿಟ್ಟೆ: ‘ನೀರು ಬೇಕಾ?’
ಅಳು ನಿಲ್ಲಿಸಿ ನನ್ನ ಮುಖ ನೋಡಿದ.
‘ಬೇಕು’ ಅಂದ. ಇಡೀ ಲೋಟ ಕುಡಿದ, ಕತ್ತೆತ್ತಿ,
ಗಂಟಲ ಮಣಿ ಮೇಲೆ ಕೆಳಗೆ ಆಡುವುದನ್ನೇ ನೋಡುತ್ತಾ ಕೂತೆ.
ಮೂಲೆಯಲ್ಲಿ ಕೂತಾಕೆ ಏನೋ ಗೀಚಿದಳು.
ಕೊಟ್ಟಳೋ ಕಳೆದಳೋ.

ಸಂಜೆ ನಾಲ್ಕಕ್ಕೇ ಕತ್ತಲು.
ಗೂಡಿನಲ್ಲಿ ಉಳಿದದ್ದು ಒಂದೇ ಜೊತೆ, ನನ್ನಂಥದೇ ಕಪ್ಪು.
ಕಾಲಿಟ್ಟರೆ ಬೆರಳು ಮಡಚಿತು, ಉಣ್ಣೆ ಬೆಚ್ಚಗೆ ಕಚ್ಚಿತು.
ನಾಲಿಗೆಯ ಒಳಗೆ ಯಾರ ತಾಯಿಯೋ ದಪ್ಪ ಪೆನ್ನಲ್ಲಿ
ಜೋಪಾನವಾಗಿ ಬರೆದಿದ್ದಳು: ಟಿ. ಹಿಲ್ಡಬ್ರಾಂಡ್.

ಬಸ್‌ಸ್ಟಾಪಿನ ಗಾಜಿನ ಗೂಡಲ್ಲಿ ನಿಂತಿದ್ದೇನೆ.
ಇಷ್ಟು ಹೊತ್ತಿಗೆ ಎಲ್ಲೋ ಒಂದು ಕಾರಿನಲ್ಲಿ
ಇದ್ಯಾಕೆ ಹೀಗೆ ತಣ್ಣಗೆ, ಹೀಗೆ ಸಡಿಲ ಎಂದು
ಅವಳು ನನ್ನ ಬೂಟು ಕಳಚಿ ಕೈ ಹಾಕುತ್ತಿರಬಹುದು.
ಸಿಗುತ್ತದೆ: ತೂತು ಮುಚ್ಚಲು ಪಾದದಳತೆಗೆ ಕತ್ತರಿಸಿದ
ಕುಸ್‌ಕುಸ್ ರವೆಯ ಡಬ್ಬಿಯ ರಟ್ಟು,
ಅದರ ಮೇಲೆ, ಹಿಮ್ಮಡಿ ಊರುವಲ್ಲಿ,
ಬಲದಿಂದ ಎಡಕ್ಕೆ ಹರಿಯುವ ಅಕ್ಷರಗಳಲ್ಲಿ
‘ಮಧ್ಯಮ ಕಾಳು. ತೇವ ತಾಕದಂತೆ ಇಡಿ.’